ಉರಿಸದ ಕರೆಂಟು ಯಾರದು?

ಒಂದು ಕಂಪನಿಯವರು ನಿಮ್ಮ ಆಫೀಸಿಗೆ ಬಂದು ಹೀಗೆ ಹೇಳ್ತಾರೆ ಅಂದುಕೊಳ್ಳಿ: "ಸಾರ್, ನಿಮ್ಮ ಕರೆಂಟ್ ಬಿಲ್ಲು ತಿಂಗಳಿಗೆ ಹತ್ತು ಲಕ್ಷ ಬರ್ತಾ ಇದೆ. ನಾವು ಹಳೇ ಎಸಿ ಪ್ಲಾಂಟ್ ತೆಗೆದು ಹೊಸದು ಹಾಕ್ತೀವಿ, ಲೈಟೆಲ್ಲ ಬದಲಾಯಿಸ್ತೀವಿ, ಪಂಪು ಮೋಟರುಗಳಿಗೆ ಕಂಟ್ರೋಲ್ ಕೂರಿಸ್ತೀವಿ. ನೀವು ಒಂದು ರೂಪಾಯಿನೂ ಹಾಕೋದು ಬೇಡ. ಬಿಲ್ಲು ಏಳು ಲಕ್ಷಕ್ಕೆ ಇಳಿದರೆ, ಉಳಿದ ಮೂರರಲ್ಲಿ ನಮಗೆ ಎರಡು, ನಿಮಗೆ ಒಂದು. ಐದು ವರ್ಷ ಆದ ಮೇಲೆ ಮೆಷಿನ್ನೂ ನಿಮ್ಮದೇ, ಉಳಿತಾಯಾನೂ ಪೂರ್ತಿ ನಿಮ್ಮದೇ. ಬಿಲ್ಲು ಇಳೀಲಿಲ್ವಾ, ನಮಗೇನೂ ಕೊಡಬೇಡಿ."

ಬೇಡ ಅನ್ನೋಕೆ ಕಾರಣವೇ ಸಿಗಲ್ಲ, ಅಲ್ವಾ? ದುಡ್ಡು ಅವರದು, ರಿಸ್ಕು ಅವರದು, ತಲೆನೋವು ಅವರದು. ಇಂಥ ಕಂಪನಿಗಳಿಗೆ ಎಸ್ಕೋ ಅಂತಾರೆ, ಅಂದರೆ ಎನರ್ಜಿ ಸರ್ವೀಸ್ ಕಂಪನಿ. ಈ ಬಗೆಯ ಕರಾರಿಗೆ ಪರ್ಫಾರ್ಮೆನ್ಸ್ ಕಾಂಟ್ರ್ಯಾಕ್ಟ್ ಅನ್ನೋ ಹೆಸರಿದೆ. ಕೆಲಸಕ್ಕಲ್ಲ, ಫಲಿತಾಂಶಕ್ಕೆ ಸಂಬಳ. ಪೇಂಟ್ ಹೊಡೆದವನಿಗೆ ಗೋಡೆ ನೋಡಿ ದುಡ್ಡು ಕೊಡ್ತೀವಿ. ಇಲ್ಲಿ ದುಡ್ಡು ಕೊಡೋದು ಏನನ್ನು ನೋಡಿ? ಉರಿಯದೆ ಉಳಿದ ಕರೆಂಟನ್ನು ನೋಡಿ. ಅದು ಕಣ್ಣಿಗೆ ಕಾಣೋದಿಲ್ಲ. ಈ ಲೇಖನದ ತಕರಾರೆಲ್ಲ ಇರೋದು ಅಲ್ಲೇ.

ಇದು ಮೊನ್ನೆ ಮೊನ್ನೆ ಹುಟ್ಟಿದ ಐಡಿಯಾ ಅಂದುಕೊಳ್ಳಬೇಡಿ. ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಕಾರ್ನ್‌ವಾಲ್ ಅನ್ನೋ ಸೀಮೆಯಲ್ಲಿ ಇದೇ ಕರಾರು, ಇದೇ ಜಗಳ ನಡೆದಿತ್ತು. ಅಲ್ಲಿ ತವರದ, ತಾಮ್ರದ ಗಣಿಗಳು. ಆಳಕ್ಕೆ ಅಗೆದಷ್ಟೂ ನೀರು ನುಗ್ಗುತ್ತಿತ್ತು. ನೀರೆತ್ತೋಕೆ ಇದ್ದದ್ದು ನ್ಯೂಕಮನ್ ಎಂಜಿನ್, 1712ರ ಮಾದರಿ. ಅದು ಕಲ್ಲಿದ್ದಲು ನುಂಗೋ ಬಕಾಸುರ. ಕಾರ್ನ್‌ವಾಲಿನಲ್ಲೋ ಕಲ್ಲಿದ್ದಲು ಸಿಗೋದಿಲ್ಲ, ವೇಲ್ಸಿನಿಂದ ಹಡಗಿನಲ್ಲಿ ಬರಬೇಕು. ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ ಎಂಜಿನ್ ಅದೇ ಕೆಲಸವನ್ನು ತೀರಾ ಕಡಿಮೆ ಕಲ್ಲಿದ್ದಲಲ್ಲಿ ಮಾಡುತ್ತಿತ್ತು. ವಾಟ್ ಮತ್ತು ಅವನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಗಣಿ ಮಾಲೀಕರ ಮುಂದಿಟ್ಟ ಲೆಕ್ಕ ಹೀಗಿತ್ತು: ಎಂಜಿನ್ ಕಟ್ಟಿಸೋ ಖರ್ಚು ನಿಮ್ಮದು, ಹಳೇ ಎಂಜಿನ್ನಿಗೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯುತ್ತೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ನಮ್ಮದು.

ಅಳೆಯೋದು ಹೇಗೆ? ಎಂಜಿನ್ ಎಷ್ಟು ಸಲ ಮೇಲೆ ಕೆಳಗೆ ಆಡಿತು ಅಂತ ಎಣಿಸೋಕೆ ಒಂದು ಕೌಂಟರ್ ಕೂರಿಸಿದರು. ಯಾರೂ ಕೈಯಾಡಿಸಬಾರದು ಅಂತ ಅದನ್ನು ಬೀಗ ಹಾಕಿದ ಪೆಟ್ಟಿಗೆಯೊಳಗೆ ಇಟ್ಟರು. ಬೀಗದ ಕೈ ಕಂಪನಿಯ ಹತ್ತಿರ.

ಮೊದಮೊದಲು ಎಲ್ಲರಿಗೂ ಖುಷಿಯೇ. ವರ್ಷಗಳು ಕಳೆದಂತೆ ಗಣಿಯವರಿಗೆ ಸಿಟ್ಟು ಬರೋಕೆ ಶುರುವಾಯಿತು. ಕೊಂಡ ಕಲ್ಲಿದ್ದಲಿಗೆ ದುಡ್ಡು ಕೊಡೋದು ಸರಿ, ಕೊಳ್ಳದ ಕಲ್ಲಿದ್ದಲಿಗೂ ಕೊಡಬೇಕಾ? 1790ರ ದಶಕದಲ್ಲಿ ಹಲವರು ದುಡ್ಡು ಕೊಡೋದನ್ನೇ ನಿಲ್ಲಿಸಿದರು. ಕೋರ್ಟು ಕಚೇರಿ ಆಯಿತು. 1799ರಲ್ಲಿ ತೀರ್ಪು ಬೌಲ್ಟನ್ ಮತ್ತು ವಾಟ್ ಪರವಾಗಿ ಬಂತು. ಮರುವರ್ಷವೇ ಪೇಟೆಂಟಿನ ಅವಧಿ ಮುಗೀತು.

ಗಣಿ ಮಾಲೀಕರನ್ನು ಕೃತಘ್ನರು ಅಂತ ಬೈಯೋದು ಸುಲಭ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋ ಗಾದೆಯನ್ನು ಅವರ ಹಣೆಗೆ ಅಂಟಿಸಿಬಿಡಬಹುದು. ಆದರೆ ಸ್ವಲ್ಪ ಅವರ ಜಾಗದಲ್ಲಿ ನಿಂತು ನೋಡಿ. ನಮ್ಮ ಹಳ್ಳಿಗಳಲ್ಲಿ ಪಾಲಿಗೆ ಹೊಲ ಮಾಡೋದು ಗೊತ್ತಲ್ಲ? ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ಬಿದ್ದಿರುತ್ತೆ. ಹೊಲದ ಯಜಮಾನನೂ ನೋಡ್ತಾನೆ, ಗೇದವನೂ ನೋಡ್ತಾನೆ. ಅಳತೆಯಲ್ಲಿ ಮೋಸ ಆಗಬಹುದು, ಜಗಳ ಆಗಬಹುದು, ಆದರೆ ರಾಶಿ ಅಂತೂ ಇಬ್ಬರ ಕಣ್ಣೆದುರಿಗೇ ಇರುತ್ತೆ. ಎಸ್ಕೋ ಕರಾರಿನಲ್ಲಿ ಪಾಲಾಗೋ ರಾಶಿ ಎಲ್ಲೂ ಇಲ್ಲ. 'ನಾವು ಬರದೇ ಇದ್ದಿದ್ದರೆ ನಿಮ್ಮ ಬಿಲ್ಲು ಹತ್ತು ಲಕ್ಷ ಆಗಿರ್ತಿತ್ತು' ಅನ್ನೋ ಒಂದು ವಾಕ್ಯ ಇದೆ, ಅಷ್ಟೇ. ಆ ಹತ್ತು ಲಕ್ಷದ ಬಿಲ್ಲು ಇನ್ನು ಯಾವತ್ತೂ ಬರೋದಿಲ್ಲ. ಅದು ನಡೆಯದೇ ಹೋದ ಇನ್ನೊಂದು ಲೋಕದ ಬಿಲ್ಲು.

ಈ ನಡೆಯದ ಲೋಕಕ್ಕೆ ಎಂಜಿನಿಯರುಗಳ ಭಾಷೆಯಲ್ಲಿ ಬೇಸ್‌ಲೈನ್ ಅಂತಾರೆ. ಅದನ್ನು ಪ್ರಾಮಾಣಿಕವಾಗಿ ಕಟ್ಟೋಕೆ ಪದ್ಧತಿಗಳಿವೆ. ಐಪಿಎಂವಿಪಿ ಅನ್ನೋ ಅಂತರರಾಷ್ಟ್ರೀಯ ಪದ್ಧತಿ 1990ರ ದಶಕದಿಂದಲೂ ಬಳಕೆಯಲ್ಲಿದೆ. ಈ ವರ್ಷ ಬೇಸಿಗೆ ಜಾಸ್ತಿ ಇತ್ತಾ, ಸಿಬ್ಬಂದಿ ಹೆಚ್ಚಾದರಾ, ಇನ್ನೊಂದು ಫ್ಲೋರ್ ಸೇರಿತಾ, ಎಲ್ಲಕ್ಕೂ ತಿದ್ದುಪಡಿ ಇರುತ್ತೆ. ಆದರೆ 2020ರ ಮಾರ್ಚ್ ನೆನಪಿಸಿಕೊಳ್ಳಿ. ಲಾಕ್‌ಡೌನ್ ಆಗಿ ಬೆಂಗಳೂರಿನ ಐಟಿ ಕಟ್ಟಡಗಳು ರಾತ್ರೋರಾತ್ರಿ ಖಾಲಿಯಾದವು. ಅಂಥದ್ದೊಂದು ಕಟ್ಟಡದ ಬಿಲ್ಲು ಅರ್ಧಕ್ಕೆ ಇಳಿದರೆ ಆ ಉಳಿತಾಯ ಯಾರದು? ಕಂಪನಿಯದ್ದಂತೂ ಅಲ್ಲ, ವೈರಸ್ಸಿನದ್ದು ಅನ್ನಬೇಕು. ಬೇಸ್‌ಲೈನನ್ನೇ ಇಳಿಸಬೇಕು ಅಂತ ಯಾರಿಗಾದರೂ ಅನಿಸುತ್ತೆ. ಈಗ ತಿರುಗಿಸಿ ನೋಡಿ. ಮೆಷಿನ್ ಹಾಕಿಸೋಕೆ ಸಾಲ ಮಾಡಿದ ಎಸ್ಕೋ, ಜನರೇ ಇಲ್ಲದ ಕಟ್ಟಡದಲ್ಲಿ ಏನನ್ನು ಉಳಿಸಿ ಆ ಸಾಲ ತೀರಿಸಬೇಕು? ಎರಡೂ ಕಡೆ ನ್ಯಾಯ ಇದೆ. ಇದನ್ನು ಮೀಟರ್ ಬಿಡಿಸೋದಿಲ್ಲ. ಮೀಟರ್ ಹೇಳೋದು ಏನಾಯಿತು ಅಂತ ಮಾತ್ರ. ಏನಾಗಬೇಕಿತ್ತು ಅನ್ನೋದನ್ನು ಮನುಷ್ಯರೇ ಕೂತು ತೀರ್ಮಾನಿಸಬೇಕು.

ಹಾಗಾಗಿ ನನಗೆ ಅನಿಸೋದು: ಇಂಥ ಕರಾರು ಅಂದರೆ ಹಳೆಯದನ್ನು ಮರೆಯೋದಿಲ್ಲ ಅನ್ನೋ ಒಂದು ಮಾತು ಕೊಡೋದು. ಮೂರನೇ ವರ್ಷಕ್ಕೆ ಸಹಿ ಹಾಕಿದ ಮ್ಯಾನೇಜರ್ ಬೇರೆ ಕಂಪನಿಗೆ ಹೋಗಿರ್ತಾರೆ. ಹೊಸಬರಿಗೆ ಕಾಣೋದು ತಿಂಗಳು ತಿಂಗಳು ಎರಡು ಲಕ್ಷ ಹೊರಗೆ ಹೋಗೋ ಚೆಕ್ಕು. ಹತ್ತು ಲಕ್ಷದ ಬಿಲ್ಲು ನೋಡಿದವರು ಅಲ್ಲಿ ಯಾರೂ ಉಳಿದಿರಲ್ಲ. ನೀರು ಕುಡಿದ ಮೇಲೆ ಬಾಯಾರಿಕೆ ಹೇಗಿತ್ತು ಅಂತ ನೆನಪಾಗೋದು ಕಷ್ಟ. ನಮ್ಮ ದೇಶದಲ್ಲೂ ಇದು ನಡೆದಿದೆ. ಕೇಂದ್ರ ಸರ್ಕಾರದ ನಾಲ್ಕು ವಿದ್ಯುತ್ ಸಂಸ್ಥೆಗಳು ಸೇರಿ 2009ರಲ್ಲಿ ಕಟ್ಟಿದ ಇಇಎಸ್‌ಎಲ್, ಊರೂರಿನ ಬೀದಿದೀಪಗಳನ್ನು ತನ್ನ ದುಡ್ಡಿನಲ್ಲೇ ಎಲ್‌ಇಡಿಗೆ ಬದಲಾಯಿಸಿ, ನಗರಸಂಸ್ಥೆಗಳಿಂದ ವರ್ಷವರ್ಷ ಕಂತು ಪಡೆಯೋ ಕಾರ್ಯಕ್ರಮವನ್ನು 2015ರಲ್ಲಿ ಶುರು ಮಾಡಿತು. ಒಂದು ಕೋಟಿಗೂ ಹೆಚ್ಚು ದೀಪ ಬದಲಾದವು. ದೀಪ ಬದಲಾಯಿತು, ಬಿಲ್ಲು ಇಳೀತು, ಕಂತು ಮಾತ್ರ ಎಷ್ಟೋ ಕಡೆಯಿಂದ ಸರಿಯಾಗಿ ಬರಲಿಲ್ಲ. ಕಾರ್ನ್‌ವಾಲಿನ ಕತೆಯೇ.

ಇಲ್ಲಿಯವರೆಗೆ ನಾನು ಎಸ್ಕೋ ಪರವಾಗಿ ಮಾತಾಡಿದ ಹಾಗಾಯಿತು. ಈಗ ಇನ್ನೊಂದು ಮಗ್ಗುಲು.

ಒಂದೇ ರಸ್ತೆಯಲ್ಲಿ ಎರಡು ಅಪಾರ್ಟ್‌ಮೆಂಟ್ ಊಹಿಸಿಕೊಳ್ಳಿ. ಒಬ್ಬನೇ ಬಿಲ್ಡರ್, ಒಂದೇ ಸಂಖ್ಯೆಯ ಮನೆಗಳು. ಮೊದಲನೆಯದರಲ್ಲಿ ಬೇಸ್‌ಮೆಂಟಿನ ಟ್ಯೂಬ್‌ಲೈಟು ಹಗಲೂ ಉರಿಯುತ್ತೆ, ಟ್ಯಾಂಕು ತುಂಬಿ ಹರಿದರೂ ಪಂಪು ನಿಲ್ಲೋದಿಲ್ಲ. ಎರಡನೆಯದರಲ್ಲಿ ಒಬ್ಬ ಪಂಪ್ ಆಪರೇಟರ್ ಇದ್ದಾನೆ, ರಂಗಣ್ಣ ಅಂತಿಟ್ಟುಕೊಳ್ಳಿ. ಬೆಳಗ್ಗೆ ಐದೂವರೆಗೆ ಎದ್ದು ಕಾರಿಡಾರಿನ ದೀಪ ಒಂದೊಂದಾಗಿ ಆರಿಸ್ತಾನೆ. ಟ್ಯಾಂಕಿನ ಸದ್ದು ಕೇಳಿಯೇ ತುಂಬೋಕೆ ಬಂತು ಅಂತ ಹೇಳ್ತಾನೆ. ಹತ್ತು ವರ್ಷದಿಂದ ಆ ಕಟ್ಟಡದ ಬಿಲ್ಲು ಪಕ್ಕದ್ದಕ್ಕಿಂತ ಕಡಿಮೆ. ಯಾಕೆ ಅಂತ ಯಾರೂ ಕೇಳಿಲ್ಲ. ಯುಗಾದಿಗೆ ಐನೂರು ರೂಪಾಯಿ ಭಕ್ಷೀಸು ಕೊಟ್ಟಿದ್ದಾರೆ.

ಈಗ ಎಸ್ಕೋ ಬರುತ್ತೆ. ಮೊದಲನೇ ಕಟ್ಟಡ ನೋಡಿ ಅವರಿಗೆ ಬಾಯಲ್ಲಿ ನೀರೂರುತ್ತೆ. ಬೇಸ್‌ಲೈನ್ ಎತ್ತರದಲ್ಲಿದೆ, ಉಳಿಸೋಕೆ ಬೇಕಾದಷ್ಟಿದೆ. ಎರಡನೆಯದಕ್ಕೆ ಬಂದು ಲೆಕ್ಕ ಹಾಕಿ ಹೇಳ್ತಾರೆ: "ನಿಮ್ಮದು ತುಂಬಾ ಕಂಟ್ರೋಲ್‌ನಲ್ಲಿದೆ ಮೇಡಂ, ನಮಗೆ ವರ್ಕೌಟ್ ಆಗಲ್ಲ." ಅಂದರೆ ಹತ್ತು ವರ್ಷ ದುಂದು ಮಾಡಿದವರಿಗೆ ಹೊಸ ಮೆಷಿನ್ನು ಬಿಟ್ಟಿ ಬರುತ್ತೆ. ಹತ್ತು ವರ್ಷ ಜೋಪಾನ ಮಾಡಿದವರಿಗೆ ಏನೂ ಇಲ್ಲ. ಇದರಲ್ಲಿ ಕಂಪನಿಯ ದುಷ್ಟತನ ಏನೂ ಇಲ್ಲ. ಸೋರದ ಕೊಡಕ್ಕೆ ಬೆಸುಗೆ ಹಾಕಿ ಕೂಲಿ ಕೇಳೋಕೆ ಆಗಲ್ಲ.

ಎರಡನೇ ಕಟ್ಟಡಕ್ಕೂ ಹೇಗೋ ಕರಾರು ಆಯಿತು ಅಂದುಕೊಳ್ಳಿ. ಸೆನ್ಸರ್ ಬಂತು, ಆಟೋಮ್ಯಾಟಿಕ್ ಪಂಪ್ ಬಂತು. ರಂಗಣ್ಣನ ಕೈಗೆ ಕೆಲಸ ಇಲ್ಲ. ಸೆನ್ಸರ್ ಹಾಕಿದವರಿಗೆ ಉಳಿತಾಯದಲ್ಲಿ ಮೂರನೇ ಎರಡು ಪಾಲು, ಕಾಗದದ ಮೇಲೆ, ಸಹಿ ಸಮೇತ. ಅದಕ್ಕೂ ಮುಂಚೆ ಹತ್ತು ವರ್ಷ ಅದೇ ಕೆಲಸವನ್ನು ಕೈಯಲ್ಲಿ ಮಾಡಿದವನಿಗೆ ಸೊನ್ನೆ. ಅವನು ಮಾಡಿದ ಉಳಿತಾಯ ಬೇಸ್‌ಲೈನಿನೊಳಗೆ ಕರಗಿಹೋಗಿದೆ. ಕರಾರಿಗೆ ಅವನು ಕಾಣೋದೇ ಇಲ್ಲ, ಯಾಕೆಂದರೆ ಕರಾರು ಲೆಕ್ಕ ಶುರು ಮಾಡಿದ್ದೇ ಅವನು ನಿಲ್ಲಿಸಿದ ಜಾಗದಿಂದ.

ಇದು ಊಹೆಯ ಕತೆ, ಸರಿ. ಆದರೆ ಬೇಸ್‌ಲೈನಿನ ಈ ಗುಣವನ್ನು ಕರ್ನಾಟಕದ ಮನೆಮನೆಯೂ ನೋಡಿದೆ. 2023ರಲ್ಲಿ ಗೃಹಜ್ಯೋತಿ ಬಂದಾಗ ಉಚಿತ ವಿದ್ಯುತ್ತಿನ ಮಿತಿ 200 ಯೂನಿಟ್. ಆದರೆ ಎಲ್ಲರಿಗೂ 200 ಸಿಗಲಿಲ್ಲ. ಹಿಂದಿನ ವರ್ಷ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಶೇ. 10 ಸೇರಿಸಿ, ಅಷ್ಟು ಉಚಿತ. ದುಂದು ಆಗಬಾರದು ಅನ್ನೋದು ಉದ್ದೇಶ, ಅದು ಅರ್ಥವಾಗುವಂಥದ್ದೇ. ಆದರೆ 150 ಯೂನಿಟ್ ಸುಡುತ್ತಿದ್ದ ಮನೆಗೆ 165 ಯೂನಿಟ್ ಬಿಟ್ಟಿ. ಫ್ಯಾನ್ ಕೂಡ ಲೆಕ್ಕ ಹಾಕಿ ತಿರುಗಿಸುತ್ತಿದ್ದ 40 ಯೂನಿಟ್ಟಿನ ಮನೆಗೆ 44. ನಿನ್ನೆಯ ಬಳಕೆಯೇ ಇವತ್ತಿನ ಹಕ್ಕಾದರೆ, ನಿನ್ನೆ ಹಿಡಿತದಲ್ಲಿ ಇದ್ದವನು ಇವತ್ತು ಪೆದ್ದ ಅನ್ನಿಸಿಕೊಳ್ತಾನೆ. ಹಾಗಾಗಿ ಬೇಸ್‌ಲೈನನ್ನು ಬರೀ ತಾಂತ್ರಿಕ ವಿಷಯ ಅಂತ ಎಂಜಿನಿಯರುಗಳ ಪಾಲಿಗೆ ಬಿಟ್ಟು ಎದ್ದು ಹೋಗೋ ಹಾಗಿಲ್ಲ. ಯಾರ ಶ್ರಮ ಎಣಿಕೆಗೆ ಬರಬೇಕು, ಯಾರದ್ದು ಬರಬಾರದು ಅನ್ನೋ ತೀರ್ಪು ಅದರೊಳಗೆ ಇದೆ.

ಇನ್ನೊಂದು ತೊಡಕು. ಉಳಿತಾಯಕ್ಕೆ ಸಂಬಳ ಅಂದಾಗ, ಅತಿ ಹೆಚ್ಚು ಉಳಿತಾಯ ಮಾಡೋ ಬೀದಿದೀಪ ಯಾವುದು? ಕೆಟ್ಟು ಹೋದದ್ದು. ಕತ್ತಲೆಗೆ ಕರೆಂಟ್ ಖರ್ಚಾಗಲ್ಲ. ಅದಕ್ಕೇ ಸರಿಯಾಗಿ ಬರೆದ ಕರಾರುಗಳಲ್ಲಿ ಇಷ್ಟು ಬೆಳಕು ಇರಲೇಬೇಕು, ಕೆಟ್ಟರೆ ಇಷ್ಟು ಗಂಟೆಯೊಳಗೆ ರಿಪೇರಿ ಆಗಬೇಕು, ಇಲ್ಲದಿದ್ದರೆ ದಂಡ ಅಂತ ಇರುತ್ತೆ. ಆದರೆ ಕರಾರಿನಲ್ಲಿ ಸಹಿ ಹಾಕೋರು ಇಬ್ಬರೇ, ಕಂಪನಿ ಮತ್ತು ನಗರಸಂಸ್ಥೆ. ದೀಪ ಹತ್ತಿದರೂ ಹತ್ತದಿದ್ದರೂ ಅವರಿಬ್ಬರ ಮನೆಯ ದಾರಿ ಕತ್ತಲಾಗಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬಸ್ಸಿಳಿದು ಒಳರಸ್ತೆಯಲ್ಲಿ ನಡೆದು ಬರೋ ಗಾರ್ಮೆಂಟ್ಸ್ ಹೆಣ್ಣುಮಗಳು ಈ ಕರಾರಿನ ಯಾವ ಪುಟದಲ್ಲೂ ಇಲ್ಲ. ಬೆಂಗಳೂರಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬೀದಿದೀಪಗಳನ್ನು ಉಳಿತಾಯದ ದುಡ್ಡಿನಿಂದಲೇ ಎಲ್‌ಇಡಿ ಮಾಡ್ತೀವಿ ಅಂತ ಪಾಲಿಕೆ ಖಾಸಗಿಯವರ ಜತೆ ದೊಡ್ಡ ಯೋಜನೆ ಹಾಕಿತ್ತು. ವರ್ಷಗಳು ಕಳೆದರೂ ಕೆಲಸ ಸಾಗದೆ ಕೊನೆಗೆ ಅದು ರದ್ದಾಯಿತು. ಒಪ್ಪಂದ ಆದದ್ದು, ಮುರಿದದ್ದು ಎರಡೂ ಕಡತದಲ್ಲಿದೆ. ನಡುವೆ ಕತ್ತಲಲ್ಲಿ ನಡೆದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹಾಗಾದರೆ ಮಿತವ್ಯಯವನ್ನು ಹೊರಗಿನವರಿಗೆ ಗುತ್ತಿಗೆ ಕೊಡೋದೇ ತಪ್ಪಾ? ಹಾಗನ್ನೋರು ಇದ್ದಾರೆ. ಅವರ ವಾದ ಹೀಗೆ: ಉಳಿಸೋದು ಒಂದು ಗುಣ. ಮನೆಯಲ್ಲಿ ಅಜ್ಜಿ "ದೀಪ ಆರಿಸೋ, ಯಾರಪ್ಪನ ಗಂಟು" ಅಂತ ಬೈದು ಕಲಿಸಿದ್ದು. ಅದನ್ನೂ ವೆಂಡರ್‌ಗೆ ಕೊಟ್ಟರೆ ನಮ್ಮಲ್ಲಿ ಏನು ಉಳಿಯುತ್ತೆ? ದೇವರ ಪೂಜೆಗೆ ಬಾಡಿಗೆ ಭಕ್ತನನ್ನು ಕಳಿಸಿದ ಹಾಗೆ.

ನಾನು ಇದನ್ನು ಒಪ್ಪಲ್ಲ. ವಾತಾವರಣಕ್ಕೆ ನಮ್ಮ ಮನಸ್ಸಿನ ಶುದ್ಧಿ ಬೇಕಿಲ್ಲ, ಸುಡದ ಕಲ್ಲಿದ್ದಲು ಬೇಕು. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯನ್ನೇ ನೋಡಿ. ನಮ್ಮ ರಾಜ್ಯದಲ್ಲಿ ಅದರ ಹೆಸರು ಹೊಸ ಬೆಳಕು. ಜನರಿಗೆ ಪರಿಸರ ಪ್ರೇಮದ ಭಾಷಣ ಮಾಡಲಿಲ್ಲ. ಒಂದೇ ಕಡೆ ಕೋಟಿಗಟ್ಟಲೆ ಬಲ್ಬು ಕೊಂಡು ಬೆಲೆ ಇಳಿಸಿದರು. 2014ರಲ್ಲಿ ಮುನ್ನೂರು ರೂಪಾಯಿಯ ಮೇಲಿದ್ದ ಖರೀದಿ ಬೆಲೆ ಎರಡೇ ಎರಡು ವರ್ಷದಲ್ಲಿ ನಲವತ್ತರ ಹತ್ತಿರಕ್ಕೆ ಬಂತು. ಒಟ್ಟಿಗೆ ದುಡ್ಡು ಕೊಡೋಕಾಗದವರಿಗೆ ಕರೆಂಟ್ ಬಿಲ್ಲಿನಲ್ಲೇ ಸಣ್ಣ ಕಂತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾದವು. ಕೊಂಡವರೆಲ್ಲ ಸದ್ಗುಣಿಗಳಾದರಾ? ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬಂಡವಾಳ ಇಲ್ಲದವನಿಗೆ ಉಳಿಸು ಅಂತ ಉಪದೇಶ ಮಾಡೋದಕ್ಕಿಂತ ಉಳಿಸೋ ಬಲ್ಬನ್ನು ಕೈಗೆ ಕೊಡೋದು ಹೆಚ್ಚು ನೈತಿಕ. ಬಂಡವಾಳ, ತಾಂತ್ರಿಕ ಜ್ಞಾನ, ರಿಸ್ಕು, ಇವನ್ನೆಲ್ಲ ಧಾರಾಳವಾಗಿ ಹೊರಗೆ ಕೊಡಬಹುದು. ಕೊಡಬೇಕು ಕೂಡ.

ಹೊರಗೆ ಕೊಡೋಕಾಗದ್ದು ಒಂದಿದೆ. 'ನಮಗೆ ಎಷ್ಟು ಸಾಕು' ಅನ್ನೋ ಪ್ರಶ್ನೆ.

ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಅನ್ನೋ ಅರ್ಥಶಾಸ್ತ್ರಜ್ಞ 1865ರಲ್ಲಿ 'ದಿ ಕೋಲ್ ಕ್ವೆಶ್ಚನ್' ಅನ್ನೋ ಪುಸ್ತಕ ಬರೆದ. ವಾಟ್‌ನ ಎಂಜಿನ್ ಕಡಿಮೆ ಕಲ್ಲಿದ್ದಲಲ್ಲಿ ಓಡುತ್ತೆ ಅಂದಮೇಲೆ ಬ್ರಿಟನ್ನಿನ ಕಲ್ಲಿದ್ದಲು ಉಳಿಯಬೇಕಿತ್ತಲ್ಲ? ಉಲ್ಟಾ ಆಯಿತು ಅಂತ ಅವನು ತೋರಿಸಿದ. ಎಂಜಿನ್ ಓಡಿಸೋದು ಅಗ್ಗವಾದ್ದರಿಂದ ಎಲ್ಲ ಕಡೆ ಎಂಜಿನ್ ಬಂತು, ಒಟ್ಟು ಕಲ್ಲಿದ್ದಲು ಹೆಚ್ಚೇ ಉರೀತು. ಎಲ್ಲ ಸಂದರ್ಭಕ್ಕೂ ಇದು ಅನ್ವಯಿಸಲ್ಲ. ಎಲ್‌ಇಡಿ ಬಲ್ಬು ಹಾಕಿದೆ ಅಂತ ಯಾರೂ ಹತ್ತು ಪಟ್ಟು ಬೆಳಕಲ್ಲಿ ಕೂರಲ್ಲ. ಆದರೆ ಎಸಿಗೆ ಬಂದರೆ ನಮ್ಮ ಆಫೀಸುಗಳನ್ನೇ ನೋಡಿ. ಏಪ್ರಿಲ್ ತಿಂಗಳಲ್ಲಿ, ಹೊರಗೆ ಟಾರು ಕರಗೋ ಬಿಸಿಲಲ್ಲಿ, ಕುರ್ಚಿಯ ಬೆನ್ನಿಗೆ ಜಾಕೆಟ್ ನೇತು ಹಾಕಿರ್ತೀವಿ. ಯಾಕೆಂದರೆ ಒಳಗೆ ಚಳಿ. ರೂಮ್ ಎಸಿಗಳು ಆನ್ ಆದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ 2020ರಿಂದ ನಿಯಮ ಇದೆ. ರಿಮೋಟ್ ಕೈಗೆ ಸಿಕ್ಕ ಕೂಡಲೇ ನಾವು ಅದನ್ನು 18ಕ್ಕೆ ಇಳಿಸ್ತೀವಿ. ಒಳ್ಳೆಯ ಎಸ್ಕೋ ಬಂದರೆ ಆ 18 ಡಿಗ್ರಿಯನ್ನು ಕಡಿಮೆ ಕರೆಂಟಿನಲ್ಲಿ ಕೊಡುತ್ತೆ. ಸ್ವೆಟರ್ ಹಾಕಿಕೊಂಡು ಎಸಿಯಲ್ಲಿ ಯಾಕೆ ಕೂತಿದ್ದೀರಿ ಅಂತ ಅದು ಕೇಳಲ್ಲ. ಕೇಳೋದು ಅದರ ಕೆಲಸವೂ ಅಲ್ಲ. ಆ ಪ್ರಶ್ನೆ ಕೇಳಬೇಕಾದವರು ಆ ಕುರ್ಚಿಯಲ್ಲಿ ಕೂತಿರೋರು. 'ಅದನ್ನೆಲ್ಲ ನೋಡಿಕೊಳ್ಳೋಕೆ ಕಂಪನಿ ಇದೆಯಲ್ಲ' ಅನ್ನೋ ಮನಸ್ಥಿತಿ ಬಂದರೆ ನಿಜವಾಗಿ ಕಳೆದುಕೊಂಡದ್ದು ಅದನ್ನೇ.

ಕಾರ್ನ್‌ವಾಲಿನ ಕತೆಗೆ ಒಂದು ಮುಂದುವರಿದ ಭಾಗ ಇದೆ. ಪೇಟೆಂಟ್ ಮುಗಿದ ಮೇಲೆ, 1811ರಿಂದ, ಅಲ್ಲಿನ ಗಣಿಯವರು ತಿಂಗಳು ತಿಂಗಳು ಒಂದು ವರದಿ ಅಚ್ಚು ಹಾಕಿಸೋಕೆ ಶುರು ಮಾಡಿದರು. 'ಲೀನ್ಸ್ ಎಂಜಿನ್ ರಿಪೋರ್ಟರ್' ಅಂತ ಅದರ ಹೆಸರು. ಯಾವ ಗಣಿಯ ಯಾವ ಎಂಜಿನ್ ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು, ಎಲ್ಲ ಬಹಿರಂಗ. ಅದು ಪಾಲಿನ ಕರಾರಿಗಾಗಿ ಇಟ್ಟ ಲೆಕ್ಕವಲ್ಲ. ಎಂಜಿನಿಯರುಗಳು ಒಬ್ಬರದ್ದನ್ನೊಬ್ಬರು ನೋಡಿ ಕಲಿತರು, ಪೈಪೋಟಿಗೆ ಬಿದ್ದರು. ಮೂರು ದಶಕದಲ್ಲಿ ಆ ಎಂಜಿನ್‌ಗಳ ಸರಾಸರಿ ದಕ್ಷತೆ ಸುಮಾರು ಮೂರು ಪಟ್ಟಾಯಿತು.

ವಾಟ್‌ನ ಎಂಜಿನ್ ಇಲ್ಲದೆ ಇದು ಶುರುವಾಗುತ್ತಿರಲಿಲ್ಲ, ನಿಜ. ಆದರೂ ಬೀಗದ ಪೆಟ್ಟಿಗೆ ಮತ್ತು ತೆರೆದ ಪಟ್ಟಿ, ಈ ಎರಡರ ನಡುವಿನ ವ್ಯತ್ಯಾಸದಲ್ಲಿ ನಮಗೊಂದು ದಾರಿ ಇದೆ ಅನಿಸುತ್ತೆ. ನಿಮ್ಮ ಆಫೀಸಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ಇಂಥ ಕರಾರಿನ ಮಾತು ಬಂದರೆ, ಪಾಲು ಶೇ. 60 ಇರಲೋ 70 ಇರಲೋ ಅಂತ ಚೌಕಾಶಿ ಮಾಡೋಕೆ ಮುಂಚೆ ಮೂರು ಮಾತು ಕೇಳಿ. ಒಂದು, ಮೀಟರಿನ ಲೆಕ್ಕ ಮತ್ತು ಬೇಸ್‌ಲೈನಿನ ಲೆಕ್ಕ ಎಲ್ಲರೂ ನೋಡುವಂತೆ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಇರುತ್ತಾ? ಎರಡು, ಉಳಿತಾಯದ ಹೆಸರಿನಲ್ಲಿ ಕತ್ತಲೆ, ಸೆಕೆ, ನೀರಿಲ್ಲದಿರೋದು ಯಾರ ಪಾಲಿಗೆ ಬರುತ್ತೆ, ಅವರನ್ನು ಕೇಳಿದ್ದೀರಾ? ಮೂರು, ಇಷ್ಟು ದಿನ ಕೈಯಲ್ಲಿ ಉಳಿಸುತ್ತಿದ್ದವರು ಯಾರು, ಅವರು ಮುಂದೆ ಎಲ್ಲಿರ್ತಾರೆ?

ಮೂರನೇ ಪ್ರಶ್ನೆಗೆ ಉತ್ತರ ಕಷ್ಟವೇನಲ್ಲ. ಆ ಕಟ್ಟಡವನ್ನು ರಂಗಣ್ಣನಷ್ಟು ಬಲ್ಲ ಇನ್ನೊಬ್ಬರಿಲ್ಲ. ಯಾವ ವಾಲ್ವ್ ಸೋರುತ್ತೆ, ಯಾವ ಫ್ಲೋರಿನ ದೀಪ ರಾತ್ರಿ ಯಾರಿಗೆ ಬೇಕು, ಅವನಿಗೆ ಗೊತ್ತು. ಸೆನ್ಸರ್ ನೋಡಿಕೊಳ್ಳೋ ತರಬೇತಿ ಅವನಿಗೇ ಕೊಡಿಸಿ, ಸಂಬಳದ ಜತೆ ಉಳಿತಾಯದಲ್ಲಿ ಒಂದು ಸಣ್ಣ ಪಾಲು ಬರೆಯೋಕೆ ಕರಾರಿನಲ್ಲಿ ಒಂದೇ ಒಂದು ಸಾಲು ಸಾಕು. ಮೀಟಿಂಗಿನಲ್ಲಿ ಯಾರಾದರೂ "ಅವನಿಗ್ಯಾಕೆ?" ಅಂತ ಕೇಳಬಹುದು. ಹಳೇ ಬಿಲ್ಲುಗಳನ್ನು ಪಕ್ಕದ ಅಪಾರ್ಟ್‌ಮೆಂಟಿನ ಬಿಲ್ಲುಗಳ ಜತೆ ಇಟ್ಟು ತೋರಿಸಿ. ಐದು ವರ್ಷದ ಕರಾರು ಮುಗಿದು ಕಂಪನಿಯವರು ಎದ್ದು ಹೋದ ಮೇಲೂ ಆ ಪಂಪು, ಆ ಸೆನ್ಸರು ಅಲ್ಲೇ ಇರುತ್ತೆ, ನೋಡಿಕೊಳ್ಳೋಕೆ ಯಾರಾದರೂ ಬೇಕಲ್ಲ.